60, 70ರ ದಶಕದ ಕ್ಲಾಸಿಕ್ ರಾಕ್ ಮುಗೀತಾ? ಈಗಿನ ಹಾಡುಗಳಲ್ಲಿ ದಮ್ ಇಲ್ವಾ?

ಹಳೇ_ಕ್ಯಾಸೆಟ್:
2025ರ ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ರಾಕ್ ಗಾಯಕ ಆಜಿ ಆಸ್ಬರ್ನ್ ಕೊನೇ ಸಲ ಹಾಡಿದರು. ಪಾರ್ಕಿನ್ಸನ್ಸ್‌ನಿಂದ ನಿಲ್ಲೋಕೆ ಆಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. ಅವರ ತಂಡ ಬ್ಲ್ಯಾಕ್ ಸಬಾತ್‌ನ ಮೊದಲಿನ ನಾಲ್ವರೂ ವೇದಿಕೆ ಮೇಲಿದ್ದರು. ಜುಲೈ 22ಕ್ಕೆ ಆಜಿ ತೀರಿಕೊಂಡರು. ಈ ಪೀಳಿಗೆ ಒಬ್ಬೊಬ್ಬರಾಗಿ ಹೋಗ್ತಿದೆ, ಅವರ ಜಾಗಕ್ಕೆ ಬರೋರು ಯಾರು ಅಂತ ಯೋಚನೆ ಮಾಡಿದರೆ ಒಂದು ಹೆಸರೂ ಥಟ್ಟನೆ ಹೊಳೆಯಲ್ಲ.

1971 ಒಂದೇ ವರ್ಷ ತಗೊಳ್ಳಿ. ಲೆಡ್ ಜೆಪ್ಲಿನ್‌ನ ನಾಲ್ಕನೇ ಆಲ್ಬಂ, ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್', ದಿ ಹೂ ತಂಡದ 'ಹೂಸ್ ನೆಕ್ಸ್ಟ್', ಜೆಥ್ರೋ ಟಲ್‌ನ 'ಆಕ್ವಾಲಂಗ್', ಡೋರ್ಸ್‌ನ 'ಎಲ್.ಎ. ವುಮನ್'. ಹನ್ನೆರಡೇ ತಿಂಗಳಲ್ಲಿ ಇಷ್ಟೂ! ಈಗಿನ ಹಿಟ್ ಹಾಡುಗಳ ಪಟ್ಟಿ ತೆಗೆದು ನೋಡಿ. ಎಲ್ಲಾ ಒಬ್ಬೊಬ್ಬರ ಹೆಸರು, ಬ್ಯಾಂಡೇ ಇಲ್ಲ. ಒಂದು ಹಾಡಿಗೆ ಎಂಟು ಜನ ಬರೆದೋರು. ಗಿಟಾರ್ ಸೋಲೋ ಅನ್ನೋದು ಮಾಯ. ದನಿಯನ್ನ ಕಂಪ್ಯೂಟರ್ ಸರಿ ಮಾಡುತ್ತೆ. ನಾನು ಹೇಳೋದು ತಪ್ಪಾ? ಬೈಯೋರು ಬೈರಿ, ಆದರೆ ಕಾರಣ ಕೊಟ್ಟು ಬೈರಿ.

ಲೆಕ್ಕಪತ್ರ:
ಸರ್, ಬೈಯಲ್ಲ, ಲೆಕ್ಕ ಕೊಡ್ತೀನಿ. 1969, ವುಡ್‌ಸ್ಟಾಕ್ ರಾಕ್ ಉತ್ಸವ ಆದ ವರ್ಷ. ಆ ಇಡೀ ವರ್ಷಕ್ಕೆ, ಅಮೆರಿಕದ ಹಿಟ್ ಪಟ್ಟಿ ಹಾಕೋ ಪತ್ರಿಕೆ ಬಿಲ್‌ಬೋರ್ಡ್‌ನ ನಂಬರ್ ಒನ್ ಹಾಡು ಯಾವುದು ಗೊತ್ತಾ? ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅಲ್ಲ, ರೋಲಿಂಗ್ ಸ್ಟೋನ್ಸ್ ಅಲ್ಲ. 'ಶುಗರ್ ಶುಗರ್'. ಹಾಡಿದ್ದು ದಿ ಆರ್ಚೀಸ್, ಅಂದರೆ ಕಾರ್ಟೂನ್ ಬ್ಯಾಂಡ್! ಮೈಕ್ ಮುಂದೆ ನಿಂತಿದ್ದು ಸ್ಟುಡಿಯೋದ ಬಾಡಿಗೆ ಗಾಯಕರು. 1976ರಲ್ಲಿ 'ಡಿಸ್ಕೊ ಡಕ್' ಅನ್ನೋ ಬಾತುಕೋಳಿ ಹಾಡು ಕೂಡ ನಂಬರ್ ಒನ್ ಆಗಿತ್ತು.

ಇನ್ನು ನಿಮ್ಮ ದೇವರುಗಳ ವಿಷಯ. ಲೆಡ್ ಜೆಪ್ಲಿನ್‌ಗೆ ಅಮೆರಿಕದ ಸಿಂಗಲ್ಸ್, ಅಂದರೆ ಬಿಡಿ ಹಾಡುಗಳ ಪಟ್ಟಿಯಲ್ಲಿ ಒಂದೂ ನಂಬರ್ ಒನ್ ಇಲ್ಲ. ಅಲ್ಲಿ ಹೆಂಡ್ರಿಕ್ಸ್‌ನ ಒಂದೇ ಒಂದು ಹಾಡು ಮೊದಲ 40ರೊಳಗೆ ಬಂದಿದ್ದು, ಅದೂ 20ನೇ ಸ್ಥಾನ. ಸಿ.ಸಿ.ಆರ್. (ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್) ತಂಡ ಎರಡನೇ ಸ್ಥಾನಕ್ಕೆ ಮತ್ತೆ ಮತ್ತೆ ಹೋಗಿ ಅಲ್ಲೇ ನಿಂತಿತು. ಐವತ್ತು ವರ್ಷ ಜರಡಿ ಹಿಡಿದ ಮೇಲೆ ಉಳಿದಿರೋ ಕಾಳನ್ನ ನೀವು ಕೈಲಿ ಇಟ್ಕೊಂಡಿದ್ದೀರಿ, ನಮ್ಮ ಕಾಲದ ಮೂಟೆಯನ್ನ ಮಾತ್ರ ಜಳ್ಳಿನ ಸಮೇತ ತೂಗ್ತಿದ್ದೀರಿ. ಇದು ನ್ಯಾಯ ಅಲ್ಲ.

ಸುಮ್ನೆ_ಓದೋನು:
ಬಾತುಕೋಳಿ ಹಾಡು ಈಗ ತಾನೇ ಹುಡುಕಿ ಕೇಳಿದೆ. ಯಾಕಾದರೂ ಹೇಳಿದ್ರೋ.

ಹಳೇ_ಕ್ಯಾಸೆಟ್:
ಲೆಕ್ಕಪತ್ರ ಅವರೇ, ಜರಡಿ ಮಾತು ಒಪ್ತೀನಿ. ಆದರೆ ನೀವು ಜಾಣತನದಿಂದ ಬರೀ ಸಿಂಗಲ್ಸ್ ಪಟ್ಟಿ ತೋರಿಸಿದಿರಿ. ರಾಕ್ ಬ್ಯಾಂಡ್‌ಗಳು ಹಾಡನ್ನಲ್ಲ, ಆಲ್ಬಂ ಮಾರುತ್ತಿದ್ದವು. 'ಸ್ಟೇರ್‌ವೇ ಟು ಹೆವನ್' ಅಮೆರಿಕದಲ್ಲಿ ಸಿಂಗಲ್ ಆಗಿ ಅಂಗಡಿಗೆ ಬರಲೇ ಇಲ್ಲ. ಬೇಕಿದ್ದರೆ ಪೂರ್ತಿ ಆಲ್ಬಂ ಕೊಳ್ಳಬೇಕಿತ್ತು. ಈಗ ಅದೇ ಸಮಯದ ಆಲ್ಬಂ ಪಟ್ಟಿ ನೋಡಿ. 1969ರ ಕೊನೆಯಲ್ಲಿ ಬೀಟಲ್ಸ್‌ನ 'ಆಬಿ ರೋಡ್' ಮೊದಲ ಸ್ಥಾನದಲ್ಲಿದೆ. ಅದನ್ನ ಕೆಳಗಿಳಿಸಿದ್ದು 'ಲೆಡ್ ಜೆಪ್ಲಿನ್ 2'. ಜನ ಜಾಸ್ತಿ ಕೊಂಡಿದ್ದು ಮತ್ತು ಆಮೇಲೂ ಉಳಿದದ್ದು ಎರಡೂ ಒಂದೇ ಆಗಿತ್ತು! ಇದಕ್ಕೆ ನಿಮ್ಮ ಜರಡಿ ಏನು ಹೇಳುತ್ತೆ?

ಹುಬ್ಬಳ್ಳಿ_ಡ್ರಮ್ಮರ್:
ಅಲ್ರೀ, ಪಟ್ಟಿ ಬಿಡ್ರಿ, ಕಿವಿ ಮಾತು ಕೇಳ್ರಿ. ಜೆಪ್ಲಿನ್‌ನ 'ವೆನ್ ದ ಲೆವಿ ಬ್ರೇಕ್ಸ್' ಕೇಳೀರಿ? ಆ ಡ್ರಮ್ ಸದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆಯದು. ಜಾನ್ ಬೊನ್‌ಹ್ಯಾಮ್ ಕಿಟ್ಟನ್ನ ಮೆಟ್ಟಿಲ ಬುಡದಾಗ ಇಟ್ಟು ಬಾರಿಸಿದ, ಮೈಕ್ ಎರಡು ಮೇಲಿನ ಅಂತಸ್ತಿನಿಂದ ಇಳಿಬಿಟ್ಟಿದ್ದರು. ಅಷ್ಟೇ. ಆ ಮನೆಯ ಗೋಡೆ, ಮೆಟ್ಟಿಲು, ಎತ್ತರ ಎಲ್ಲಾ ಆ ಸದ್ದಿನಾಗ ಐತಿ. ಆಮೇಲೆ ಹಿಪ್‌ಹಾಪ್‌ನವರು ಅದೇ ತುಣುಕನ್ನ ಎಷ್ಟು ಸಲ ಕತ್ತರಿಸಿ ಹಾಕಿಕೊಂಡರೋ!

ಈಗ ಏನಾಗೇದ ಅಂದರ, ಡ್ರಮ್ಮರ್ ಬಾರಿಸಿದ್ದನ್ನ ಒಂದೊಂದು ಪೆಟ್ಟನ್ನೂ ಕಂಪ್ಯೂಟರಿನ ತಾಳದ ಗೆರೆಗೆ, ಅಂದರ ಗ್ರಿಡ್‌ಗೆ ಎಳೀತಾರ. ಕಿಕ್ ಸದ್ದು ಸರಿ ಇಲ್ಲಂದ್ರ ರೆಡಿಮೇಡ್ ಸದ್ದು ಕೂರಿಸ್ತಾರ. ಸ್ಟೋನ್ಸ್‌ನ 'ಹಾಂಕಿ ಟಾಂಕ್ ವಿಮೆನ್' ಶುರುವಿನ ವೇಗ ಬೇರೆ, ಮುಗಿಯೋ ಹೊತ್ತಿನ ವೇಗ ಬೇರೆ. ಹಾಡು ಬಿಸಿ ಏರಿದಂಗ ಕೈ ಓಡ್ತದ. ಇವತ್ತಿನ ಪ್ರೊಡ್ಯೂಸರ್ ಅದನ್ನ ತಪ್ಪು ಅಂತಾನ, ನಾನು ಅದನ್ನ ಬಾರಿಸೋದು ಅಂತೀನಿ.

ಮಿಕ್ಸಿಂಗ್_ರೂಮ್:
ದಿನಾ ಇದೇ ಕೆಲಸ ಮಾಡೋನು ನಾನು. ಹುಬ್ಬಳ್ಳಿ ಅಣ್ಣ ಹೇಳಿದ್ದರಲ್ಲಿ ಅರ್ಧ ಸತ್ಯ. ಗ್ರಿಡ್‌ಗೆ ಎಳೆಯೋದು ನಿಜ, ನಾನೇ ಎಳೀತೀನಿ, ಕ್ಲೈಂಟ್ ಕೇಳ್ತಾರೆ. ಆದರೆ ಹಳೇ ರೆಕಾರ್ಡಿಂಗ್ ಎಲ್ಲಾ ನಾಲ್ಕು ಜನ ಒಂದೇ ಕೋಣೇಲಿ ನಿಂತು ಬಾರಿಸಿದ್ದು ಅನ್ನೋದು ದಂತಕಥೆ. ಬೀಟಲ್ಸ್‌ನ 'ಸ್ಟ್ರಾಬೆರಿ ಫೀಲ್ಡ್ಸ್' ಎರಡು ಬೇರೆ ಟೇಕ್‌ಗಳನ್ನ ಅಂಟಿಸಿ ಮಾಡಿದ್ದು. ಎರಡರ ಶ್ರುತಿ ಬೇರೆ, ವೇಗ ಬೇರೆ. ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮತ್ತು ಸೌಂಡ್ ಎಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗ ಹೆಚ್ಚು ಕಡಿಮೆ ಮಾಡಿ ಕೂಡಿಸಿದರು. ಒಂದು ನಿಮಿಷ ಆದ ಮೇಲೆ ಕಿವಿಗೊಟ್ಟು ಕೇಳಿದರೆ ಆ ಹೊಲಿಗೆ ಗೊತ್ತಾಗುತ್ತೆ. ಕ್ವೀನ್‌ನ 'ಬೊಹೀಮಿಯನ್ ರಾಪ್ಸೊಡಿ'ಯಲ್ಲಿ ಕೋರಸ್ ಅಂತ ಕೇಳಿಸೋದು ಮೂರೇ ಜನ, ಹಾಡಿದ್ದರ ಮೇಲೆ ಮತ್ತೆ ಹಾಡಿ, ಅದರ ಮೇಲೆ ಮತ್ತೆ ಹಾಡಿ ಗುಡ್ಡೆ ಹಾಕಿದ್ದು. 1975ರಲ್ಲಿ ಸಾಫ್ಟ್‌ವೇರ್ ಸಿಕ್ಕಿದ್ದರೆ ಫ್ರೆಡ್ಡಿ ಮರ್ಕ್ಯುರಿ ಬೇಡ ಅಂತಿದ್ದರಾ? ನಂಗಂತೂ ಅನ್ನಿಸಲ್ಲ.

ದನಿಯ ಶ್ರುತಿ ಸರಿ ಮಾಡೋ ಸಾಫ್ಟ್‌ವೇರ್ ಆಟೋಟ್ಯೂನ್ 1997ರಲ್ಲಿ ಬಂತು. ಮರುವರ್ಷ ಶೆರ್ ಹಾಡಿದ 'ಬಿಲೀವ್'ನಿಂದ ಊರಿಗೆಲ್ಲ ಗೊತ್ತಾಯ್ತು. ಆವತ್ತಿಂದ ರಾಕ್‌ನವರೂ ಬಳಸ್ತಾರೆ, ಹೇಳಲ್ಲ ಅಷ್ಟೇ. ಇನ್ನು ಸದ್ದನ್ನ ಒತ್ತಿ ಒತ್ತಿ ಜೋರು ಮಾಡೋ ಹುಚ್ಚಿಗೆ ಪಾಪ್‌ನ ಬೈಯೋ ಮೊದಲು 2008ರ ಮೆಟಾಲಿಕಾ ಆಲ್ಬಂ 'ಡೆತ್ ಮ್ಯಾಗ್ನೆಟಿಕ್' ಕೇಳಿ. ಎಷ್ಟು ಒತ್ತಿದ್ದರು ಅಂದರೆ ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲಿ ಸಿ.ಡಿ.ಗಿಂತ ಚೆನ್ನಾಗಿ ಕೇಳಿಸುತ್ತಿದ್ದವು. ಅಭಿಮಾನಿಗಳೇ ಕಂಡುಹಿಡಿದು ಗಲಾಟೆ ಮಾಡಿದರು. ಅದೇ ಬಿಲ್ಲಿ ಐಲಿಶ್ 2019ರ ಆಲ್ಬಂ ನೋಡಿ, ಅಣ್ಣನ ಮಲಗೋ ಕೋಣೇಲಿ ರೆಕಾರ್ಡ್ ಮಾಡಿದ್ದು. ಪಿಸುಮಾತು ಪಿಸುಮಾತಾಗೇ ಇದೆ, ಮಧ್ಯೆ ಮೌನ ಇದೆ. ಯಾವುದು ಯಾಂತ್ರಿಕ ಹೇಳಿ?

ಹುಬ್ಬಳ್ಳಿ_ಡ್ರಮ್ಮರ್:
ಮೌನ ಐತಿ ಖರೆ. ಆದರ ಡ್ರಮ್ಮರ್ ಇಲ್ಲಲ್ರೀ.

ಮಿಕ್ಸಿಂಗ್_ರೂಮ್:
ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಣ್ಣ.

ಜೆರ್ಸಿ_ಕನ್ನಡಿಗ:
ಇಷ್ಟು ಹೊತ್ತಾದರೂ ರೇಡಿಯೋ ಬಗ್ಗೆ ಯಾರೂ ಮಾತೇ ಆಡಿಲ್ಲ. ನಾನು ಇಲ್ಲಿ ಕಾರಲ್ಲಿ ಕ್ಯೂ 104.3 ಕೇಳ್ತೀನಿ, ನ್ಯೂಯಾರ್ಕ್‌ನ ಕ್ಲಾಸಿಕ್ ರಾಕ್ ಸ್ಟೇಷನ್. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಕೇಳುಗರ ಮತದ ಮೇಲೆ 1,043 ಹಾಡು ಸಾಲಾಗಿ ಹಾಕ್ತಾರೆ. ಕೊನೆಗೆ ಬರೋದು 'ಸ್ಟೇರ್‌ವೇ ಟು ಹೆವನ್' ಅಂತ ಮಕ್ಕಳಿಗೂ ಗೊತ್ತು. ಬದಲಾಗೋದೇ ಇಲ್ಲ ಅನ್ನೋ ಹಾಗಿದೆ.

ಈ ಕ್ಲಾಸಿಕ್ ರಾಕ್ ರೇಡಿಯೋ 1980ರ ದಶಕದಲ್ಲಿ ಹುಟ್ಟಿದ ವ್ಯಾಪಾರ. 60, 70ರಲ್ಲಿ ಕಾಲೇಜಲ್ಲಿದ್ದೋರು ಆಗ ಸಂಬಳ ತಗೊಳ್ಳೋಕೆ ಶುರು ಮಾಡಿದ್ದರು. ಅವರಿಗೆ ಕಾರು, ಬಿಯರ್ ಮಾರಬೇಕು, ಅವರಿಗೆ ಗೊತ್ತಿರೋ ಹಾಡು ಹಾಕಿ. ಆಮೇಲೆ 1996ರಲ್ಲಿ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂತು. ಒಂದು ಕಂಪನಿ ಇಡೀ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಕೋಬಹುದು ಅನ್ನೋ ಮಿತಿ ಹೋಯ್ತು. ಕ್ಲಿಯರ್ ಚಾನೆಲ್ ಅನ್ನೋ ಕಂಪನಿ ಸುಮಾರು 1,200 ಸ್ಟೇಷನ್ ಕೊಂಡಿತು. ಮೊದಲು ಕ್ಲೀವ್‌ಲ್ಯಾಂಡ್‌ನ ಡಿಜೆ ತನಗೆ ಇಷ್ಟವಾದ ಲೋಕಲ್ ಬ್ಯಾಂಡ್ ಹಾಕ್ತಿದ್ದ, ಆ ಬ್ಯಾಂಡ್‌ಗೆ ಆ ಊರಲ್ಲಿ ಜನ ಸೇರ್ತಿದ್ದರು, ಪಕ್ಕದ ಊರಿಗೆ ಸುದ್ದಿ ಹೋಗ್ತಿತ್ತು. ಪ್ಲೇಲಿಸ್ಟ್ ಹೆಡ್ ಆಫೀಸಿಂದ ಬರೋಕೆ ಶುರುವಾದ ಮೇಲೆ ಆ ದಾರಿ ಮುಚ್ಚಿತು. ಹೊಸ ರಾಕ್ ಬ್ಯಾಂಡ್ ಇಲ್ಲ ಅಂತ ಕೊರಗ್ತೀವಿ. ಬರೋ ಬಾಗಿಲಿಗೇ ಬೀಗ ಹಾಕಿದ್ದರಲ್ಲ.

ಬೇಸ್_ಅಕ್ಕ:
ಜೆರ್ಸಿ ಅಣ್ಣ ಹತ್ರಕ್ಕೆ ಬಂದರು. ನಾನು ಬೆಂಗಳೂರಲ್ಲಿ ಬೇಸ್ ನುಡಿಸ್ತೀನಿ, ಹಗಲು ಐ.ಟಿ. ಕೆಲಸ. ಇಷ್ಟೊತ್ತು ನೀವೆಲ್ಲ ಸಂಗೀತ ಚೆನ್ನಾಗಿದೆಯಾ ಇಲ್ವಾ ಅಂತ ಜಗಳ ಆಡಿದಿರಿ. ಖರ್ಚು ಎಷ್ಟು ಅಂತ ಯಾರೂ ಕೇಳಲಿಲ್ಲ.

ಬ್ಯಾಂಡ್ ಅನ್ನೋದು ದುಬಾರಿ ಸಾಮಾನು. ನಾಲ್ಕು ಜನಕ್ಕೆ ಒಂದೇ ದಿನ ಬಿಡುವು ಸಿಗಬೇಕು. ಅಭ್ಯಾಸ ಮಾಡೋ ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಮನೇಲಿ ಡ್ರಮ್ ಬಾರಿಸಿದರೆ ಓನರ್ ಬರ್ತಾರೆ. ಆಂಪ್, ಗಿಟಾರ್, ಸಿಂಬಲ್ ಹೊತ್ತು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಪಬ್ಬಿಗೆ ಹೋದರೆ ಮ್ಯಾನೇಜರ್ ಕೇಳೋದು ಒಂದೇ, ಕೋಲ್ಡ್‌ಪ್ಲೇ ಹಾಡ್ತೀರಾ ಮೇಡಂ? ಸ್ವಂತ ಹಾಡು ಅಂದರೆ ಮುಖ ಬಾಡುತ್ತೆ. ಬಂದ ದುಡ್ಡು ನಾಲ್ಕು ಭಾಗ. ಪಕ್ಕದ ಹುಡುಗ ಲ್ಯಾಪ್‌ಟಾಪ್, ಒಂದು ಮೈಕ್ ಇಟ್ಕೊಂಡು ಹೊದಿಕೆ ಕೆಳಗೆ ಕೂತು ರ‍್ಯಾಪ್ ರೆಕಾರ್ಡ್ ಮಾಡಿ ಅವತ್ತೇ ರಾತ್ರಿ ಹಾಕ್ತಾನೆ. ಬಂದಿದ್ದೆಲ್ಲ ಅವನಿಗೇ. ನಾನೇ ಹದಿನೆಂಟು ವರ್ಷದವಳಾಗಿದ್ದರೆ ಲ್ಯಾಪ್‌ಟಾಪೇ ತಗೊಳ್ತಿದ್ದೆ.

ಈಗ ಇಂಗ್ಲೆಂಡಿನ 60ರ ದಶಕ ನೋಡಿ. ಕೀತ್ ರಿಚರ್ಡ್ಸ್, ಪೀಟ್ ಟೌನ್‌ಶೆಂಡ್, ಜಾನ್ ಲೆನ್ನನ್, ಜಿಮ್ಮಿ ಪೇಜ್, ಫ್ರೆಡ್ಡಿ ಮರ್ಕ್ಯುರಿ, ಎಲ್ಲರೂ ಆರ್ಟ್ ಸ್ಕೂಲಲ್ಲಿ ಓದಿದವರು. ಚಿತ್ರ ಬರೆದರೋ ಬಿಟ್ಟರೋ, ಬ್ಯಾಂಡಂತೂ ಕಟ್ಟಿದರು. ಅರ್ಹರಿಗೆ ಸರ್ಕಾರವೇ ಫೀಸು ಕಟ್ಟಿ ಕೈಖರ್ಚಿಗೂ ಕೊಡುತ್ತಿದ್ದ ಕಾಲ ಅದು. ಬಾಡಿಗೆ ಕಡಿಮೆ. ಕೆಲಸ ಇಲ್ಲದಿದ್ದರೂ ಒಂದೆರಡು ವರ್ಷ ತಳ್ಳಬಹುದಿತ್ತು. ಆ ಒಂದೆರಡು ವರ್ಷದಲ್ಲೇ ಬ್ಯಾಂಡ್ ಹದಕ್ಕೆ ಬರೋದು. ಬೀಟಲ್ಸ್ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಬಾರಿಸಿದ ಮೇಲೇ ಬೀಟಲ್ಸ್ ಆಗಿದ್ದು. ಇವತ್ತಿನ ಲಂಡನ್ ಬಾಡಿಗೆ ಕಟ್ಟಿಕೊಂಡು ನಾಲ್ಕು ಹುಡುಗರು ಹಾಗೆ ಇರೋಕೆ ಆಗುತ್ತಾ? ಅಪ್ಪನ ಹತ್ರ ದುಡ್ಡಿದ್ದರೆ ಆಗುತ್ತೆ. ಕಾರ್ಖಾನೆ ಊರಿನ ಆಜಿ ಆಸ್ಬರ್ನ್‌ಗೆ ಆಗ್ತಿರಲಿಲ್ಲ.

ಸುಮ್ನೆ_ಓದೋನು:
ಅಕ್ಕಾ, 'ಕೋಲ್ಡ್‌ಪ್ಲೇ ಹಾಡ್ತೀರಾ ಮೇಡಂ' ಅನ್ನೋದನ್ನ ಟೀ ಶರ್ಟ್ ಮೇಲೆ ಹಾಕಿಸಿ. ನಾನು ಎರಡು ತಗೊಳ್ತೀನಿ.

ಲೆಕ್ಕಪತ್ರ:
ಬೇಸ್ ಅಕ್ಕನ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ ಅಂತ ಲೆಕ್ಕ. 2024ರಿಂದ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಪ್ಲೇ ಆಗದಿದ್ದರೆ ಒಂದು ಪೈಸೆನೂ ಇಲ್ಲ. ಹಾಗಾಗಿ ಹಾಡು ಬರೆಯೋರು ಮೊದಲ 30 ಸೆಕೆಂಡಿಗೇ ಬರೀತಾರೆ. ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರೊಬ್ಬರು 2017ರಲ್ಲಿ ಇದನ್ನ ಅಳೆದು ತೋರಿಸಿದರು. 80ರ ದಶಕದ ಮಧ್ಯದಲ್ಲಿ ಹಿಟ್ ಹಾಡುಗಳಲ್ಲಿ ದನಿ ಶುರುವಾಗೋಕೆ ಸರಾಸರಿ 20 ಸೆಕೆಂಡಿಗಿಂತ ಜಾಸ್ತಿ ಹಿಡೀತಿತ್ತು, 2015ಕ್ಕೆ ಸುಮಾರು 5 ಸೆಕೆಂಡ್. ಪಿಂಕ್ ಫ್ಲಾಯ್ಡ್ ಇವತ್ತು 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ತಂದರೆ? ಹಾಡೋಕೆ ಶುರು ಮಾಡೋದೇ ಎಂಟು ನಿಮಿಷ ದಾಟಿದ ಮೇಲೆ! ಅಷ್ಟರಲ್ಲಿ ಕೇಳುಗ ಮೂರು ರೀಲ್ಸ್ ನೋಡಿ ಹಲ್ಲುಜ್ಜಿ ಮಲಗಿರ್ತಾನೆ.

ಇನ್ನು ಕ್ಯಾಸೆಟ್ ಸರ್ ಕೇಳಿದ ಆಲ್ಬಂ ಪ್ರಶ್ನೆ. ಅದಕ್ಕೆ ನೇರ ಉತ್ತರ ಹಿಪ್‌ಹಾಪ್. 2017ರಲ್ಲಿ ನೀಲ್ಸನ್ ಅನ್ನೋ ಸಂಸ್ಥೆಯ ಲೆಕ್ಕದ ಪ್ರಕಾರ ಅಮೆರಿಕದಲ್ಲಿ ಆರ್ ಅಂಡ್ ಬಿ, ಹಿಪ್‌ಹಾಪ್ ಸೇರಿ ರಾಕ್‌ನ ಹಿಂದೆ ಹಾಕಿದವು. ಅದೇ ವರ್ಷ ಬಂದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಆಲ್ಬಂಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಜನ ಜಾಸ್ತಿ ಕೇಳಿದ್ದು, ತೂಕ ಇದ್ದದ್ದು, ಎರಡೂ ಒಂದೇ. ನೀವು ಕೇಳಿದ್ದು ಇದನ್ನೇ ಅಲ್ವಾ?

ಹಳೇ_ಕ್ಯಾಸೆಟ್:
ಹೌದು, ಕೇಳಿದ್ದು ಇದನ್ನೇ. ಕೆಂಡ್ರಿಕ್ ಬಗ್ಗೆ ತಕರಾರಿಲ್ಲ, ಕೇಳಿದ್ದೀನಿ, ಕೆಲವು ಕಡೆ ಮೈ ಜುಮ್ ಅಂತು. ಆದರೆ ಅದು ನನ್ನ ಹೊಟ್ಟೆ ತುಂಬಿಸಲ್ಲ. ನಂಗೆ ಗಿಟಾರಿನ ಆ ಒರಟು ಸದ್ದು, ಡಿಸ್ಟಾರ್ಷನ್ ಬೇಕು, ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡು ಬಾರಿಸೋದು ಬೇಕು. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಗೌಹಾಟಿ, ಶಿಲ್ಲಾಂಗ್ ಕಡೆಯಿಂದೆಲ್ಲ ಹುಡುಗರು ರೈಲು ಹತ್ತಿ ಬಂದಿದ್ದರು. 2011ರಲ್ಲಿ ಮೆಟಾಲಿಕಾಗೂ ಹಾಗೇ. ಆ ಹಸಿವನ್ನ ಲ್ಯಾಪ್‌ಟಾಪ್ ತೀರಿಸುತ್ತಾ?

ಒಂದು ಬ್ಯಾಂಡ್ ಸಿಕ್ಕಿತ್ತು, ಗ್ರೇಟಾ ವ್ಯಾನ್ ಫ್ಲೀಟ್. ಮಿಶಿಗನ್ ಹುಡುಗರು. 2019ರಲ್ಲಿ ಗ್ರ್ಯಾಮಿ ಕೂಡ ಬಂತು. ಎಲ್ಲರೂ ಅವರನ್ನ ಜೆಪ್ಲಿನ್ ನಕಲು ಅಂತ ಗೇಲಿ ಮಾಡಿದರು. ಹೊಸಬರು ರಾಕ್ ಮಾಡಲ್ಲ ಅಂತೀರಿ, ಮಾಡಿದರೆ ನಕಲು ಅಂತೀರಿ.

ಜೆರ್ಸಿ_ಕನ್ನಡಿಗ:
ನಕಲಿನ ಮಾತು ಬಂದರೆ ಜೆಪ್ಲಿನ್ ಬಗ್ಗೆ ಹುಷಾರು ಸರ್. 'ಹೋಲ್ ಲೊಟ್ಟಾ ಲವ್' ವಿಚಾರವಾಗಿ ಶಿಕಾಗೋದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೇ ಸಂಗೀತ) ಹಾಡುಬರಹಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸು ಹಾಕಿದರು. ಕೋರ್ಟ್ ಹೊರಗೆ ರಾಜಿ ಆಯ್ತು. ಈಗ ಹಾಡಿನ ಮೇಲೆ ಅವರ ಹೆಸರೂ ಇದೆ. ಈಗಿನ ಹಾಡಿಗೆ ಎಂಟು ಜನರ ಹೆಸರು ಅಂತ ನಕ್ಕಿರಿ. ಎಷ್ಟೋ ಸಲ ಅದರಲ್ಲಿ ಮೂರ್ನಾಲ್ಕು ಹೆಸರು ಹೀಗೆ ಹಳೇ ತುಣುಕು ಬಳಸಿದ್ದಕ್ಕೆ ಕೊಟ್ಟಿರೋ ಪಾಲು. ಆಗ ಸುಮ್ನೆ ಎತ್ತಿಕೊಂಡರು, ಈಗ ಹೆಸರು ಹಾಕ್ತಾರೆ. ಯಾವುದು ವಾಸಿ?

ಆದರೂ ಗ್ರೇಟಾ ಹುಡುಗರು ನನಗೆ ಸೇರಲ್ಲ. ಜೆಪ್ಲಿನ್‌ನವರು ಬ್ಲೂಸ್ ಎತ್ತಿಕೊಂಡು ಅದನ್ನ ಬೇರೆ ಏನೋ ಮಾಡಿದರು. ಇವರು ಎತ್ತಿಕೊಂಡು ಹಾಗೇ ಇಟ್ಟರು.

ಸುಮ್ನೆ_ಓದೋನು:
ಒಂದು ದಡ್ಡ ಪ್ರಶ್ನೆ. ಇಂಗ್ಲಿಷ್ ರಾಕೇ ಯಾಕೆ ಬೇಕು? ರಘು ದೀಕ್ಷಿತ್, ಸ್ವರಾತ್ಮ ಇವರೆಲ್ಲ ಶಿಶುನಾಳ ಷರೀಫರ ಪದ, ಜಾನಪದ ಇಟ್ಕೊಂಡು ಗಿಟಾರ್, ಡ್ರಮ್ ಸಮೇತ ಹಾಡಲಿಲ್ವಾ? 'ಗುಡುಗುಡಿಯಾ ಸೇದಿ ನೋಡೋ' ಶುರುವಾದರೆ ನಮ್ಮಜ್ಜಿನೂ ತಲೆ ಆಡಿಸ್ತಾರೆ.

ಬೇಸ್_ಅಕ್ಕ:
ದಡ್ಡ ಪ್ರಶ್ನೆ ಅಲ್ಲ. ಜೆಪ್ಲಿನ್‌ಗೆ ಬ್ಲೂಸ್ ಇದ್ದ ಹಾಗೆ ಅವರಿಗೆ ತತ್ವಪದ ಇತ್ತು. ಅದೇ ಪದವನ್ನ ಗಟ್ಟಿ ನೆಲದ ಮೇಲೆ ನಿಂತು ಬೇರೆ ಥರ ಹಾಡಿದರು. ಆದರೆ ನೋಡು, ಅವರ ಹಿಂದೆ ಅಂಥ ಇನ್ನೂ ಇಪ್ಪತ್ತು ಬ್ಯಾಂಡ್ ಬರಬೇಕಿತ್ತು, ಬಂದವು ಕೈಬೆರಳಲ್ಲಿ ಎಣಿಸೋಷ್ಟು. ಕನ್ನಡ ರ‍್ಯಾಪರ್‌ಗಳು ಎಷ್ಟು ಜನ ಬಂದರು ಲೆಕ್ಕ ಹಾಕು. ಮತ್ತೆ ಅದೇ ಖರ್ಚಿನ ಕಥೆ.

ಇನ್ನೊಂದು ವಿಷಯ, ಇದನ್ನ ಯಾರೂ ಒಪ್ಪಲ್ಲ, ಆದರೂ ಹೇಳ್ತೀನಿ. ಕ್ಲಾಸಿಕ್ ರಾಕ್ ಇಳಿದಿಲ್ಲ. ಜಾಗ ಬಿಟ್ಟು ಏಳ್ತಾ ಇಲ್ಲ! ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' 1973ರದು, ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಒಟ್ಟು 900 ವಾರಕ್ಕೂ ಜಾಸ್ತಿ ಇದ್ದಿದೆ. 2020ರಲ್ಲಿ ಯಾರೋ ಒಬ್ಬರು ಸ್ಕೇಟ್‌ಬೋರ್ಡ್ ಮೇಲೆ ಜ್ಯೂಸ್ ಕುಡೀತಾ ಹೋಗೋ ವಿಡಿಯೋಗೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಹಾಡು ಹಾಕಿದರು. 1977ರ ಆ ಹಾಡು ಮತ್ತೆ ಪಟ್ಟಿಗೆ ಬಂತು. ಅಮೆರಿಕದಲ್ಲಿ ಜನ ಕೇಳೋ ಸಂಗೀತದಲ್ಲಿ ಶೇಕಡಾ 70ಕ್ಕಿಂತ ಜಾಸ್ತಿ ಹದಿನೆಂಟು ತಿಂಗಳು ದಾಟಿದ ಹಾಡುಗಳೇ. 2021ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಹಾಡುಗಳನ್ನೆಲ್ಲ ಸೋನಿಗೆ ಮಾರಿದರು, ಸುಮಾರು 50 ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. 2024ರಲ್ಲಿ ಪಿಂಕ್ ಫ್ಲಾಯ್ಡ್‌ನ ರೆಕಾರ್ಡಿಂಗ್‌ಗಳು, ಕ್ವೀನ್ ಹಾಡುಗಳು ಕೂಡ ಸೋನಿ ಕೈಗೇ ಹೋದವು. ಅಷ್ಟು ದುಡ್ಡು ಹಾಕಿದೋರು ಸುಮ್ಮನಿರ್ತಾರಾ? ಜಾಹೀರಾತು, ಸಿನಿಮಾ, ಟೀ ಶರ್ಟ್ ಅಂತ ಇನ್ನು ನಲವತ್ತು ವರ್ಷ ಅದನ್ನೇ ತಿರುಗಿಸ್ತಾರೆ. ಗೊತ್ತಿಲ್ಲದ ಹೊಸ ಹುಡುಗರಿಗೆ ದುಡ್ಡು ಹಾಕೋದಕ್ಕಿಂತ ಇದೇ ಸೇಫ್. ಹಾಗಾಗಿ ಹೊಸ ಬ್ಯಾಂಡ್ ಪೈಪೋಟಿ ಮಾಡಬೇಕಾಗಿರೋದು ಟೇಲರ್ ಸ್ವಿಫ್ಟ್ ಜೊತೆ ಮಾತ್ರ ಅಲ್ಲ, 1973ರ ಜೊತೆನೂ.

ಹಳೇ_ಕ್ಯಾಸೆಟ್:
ಅಂದರೆ ನನ್ನಂಥೋರು ಹಳೇದನ್ನೇ ಕೇಳ್ತಾ ಕೂತಿರೋದೇ ಕಾರಣ ಅಂತೀಯಾ?

ಬೇಸ್_ಅಕ್ಕ:
ಒಂದು ಪಾಲು ಹೌದು ಸರ್. ಬೇಜಾರಾಗಬೇಡಿ. ಓಯಸಿಸ್ ತಂಡ ಮತ್ತೆ ಒಂದಾದಾಗ ಟಿಕೆಟ್ ಬೆಲೆ ಕ್ಯೂನಲ್ಲಿ ನಿಂತಿದ್ದಾಗಲೇ ಏರಿತು ಅಂತ ಜನ ಬೈದರು, ಬೈಕೊಂಡೇ ಕೊಂಡರು. ಆ ದುಡ್ಡಲ್ಲಿ ಹೊಸ ಬ್ಯಾಂಡುಗಳ ಎಷ್ಟು ಶೋ ನೋಡಬಹುದಿತ್ತು!

ಹುಬ್ಬಳ್ಳಿ_ಡ್ರಮ್ಮರ್:
ಅಕ್ಕಾರ, ನೋಡಲಿಕ್ಕೆ ಹೊಸ ಬ್ಯಾಂಡ್ ಯಾವ ಊರಾಗ ಅದಾವು ಅದನ್ನೂ ಹೇಳ್ರಿ.

ಹಳೇ_ಕ್ಯಾಸೆಟ್:
ಸರಿ, ಸವಾಲು. ಜೀವ ಇರೋ ಹೊಸ ರಾಕ್ ಆಲ್ಬಂ ಒಂದಷ್ಟು ಕೊಡಿ. ಗಿಟಾರ್ ಇರಬೇಕು, ಡ್ರಮ್ ಮನುಷ್ಯ ಬಾರಿಸಿರಬೇಕು. ಪೂರ್ತಿ ಕೇಳಿ ಪ್ರಾಮಾಣಿಕವಾಗಿ ಬರೀತೀನಿ.

ಮಿಕ್ಸಿಂಗ್_ರೂಮ್:
ಫೋನ್ ಸ್ಪೀಕರಲ್ಲಿ ಕೇಳಲ್ಲ ಅಂತ ಮಾತು ಕೊಟ್ಟರೆ ಹೇಳ್ತೀನಿ. ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ತಂಡದ 2024ರ 'ರೊಮ್ಯಾನ್ಸ್'. ಬಾಲ್ಟಿಮೋರ್‌ನ ಟರ್ನ್‌ಸ್ಟೈಲ್, 2021ರ 'ಗ್ಲೋ ಆನ್'. ನಮ್ಮ ದಿಲ್ಲಿಯ ಬ್ಲಡಿವುಡ್, ಮೆಟಲ್ ಜೊತೆ ಢೋಲು. ಬೆಂಗಳೂರಿನ ಥರ್ಮಲ್ ಅಂಡ್ ಅ ಕ್ವಾರ್ಟರ್ 1996ರಿಂದ ಇದ್ದಾರೆ, ಹೊಸಬರಲ್ಲ, ಆದರೂ ನೀವು ಕೇಳಿಲ್ಲ ಅಂದರೆ ನಿಮಗೆ ಹೊಸಬರೇ. ಆಮೇಲೆ ಸ್ವೀಡನ್‌ನ ಘೋಸ್ಟ್. ಮುಖವಾಡ ನೋಡಿ ಹೆದರಬೇಡಿ. ಅವರ 'ಸ್ಕೆಲೆಟಾ' 2025ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್‌ನ ನಂಬರ್ ಒನ್ ಆಲ್ಬಂ. 2020ರಲ್ಲಿ ಎಸಿ/ಡಿಸಿ ಆದ ಮೇಲೆ ಹಾರ್ಡ್ ರಾಕ್ ಆ ಜಾಗಕ್ಕೆ ಹೋಗಿದ್ದು ಅದೇ ಮೊದಲು.

ಹಳೇ_ಕ್ಯಾಸೆಟ್:
ವಾರಾಂತ್ಯ ಪೂರ್ತಿ ಇದೇ ಕೆಲಸ ಆಯ್ತು. ಟರ್ನ್‌ಸ್ಟೈಲ್: ಡ್ರಮ್ಮರ್ ರಾಕ್ಷಸ, ಹುಬ್ಬಳ್ಳಿಯವರು ತಪ್ಪದೆ ಕೇಳಿ. ಹಾಡುಗಳು ಮಾತ್ರ ಬಾಯಿಗೆ ರುಚಿ ಹತ್ತೋ ಮೊದಲೇ ಮುಗಿದುಹೋಗ್ತವೆ. ಫಾಂಟೇನ್ಸ್: ಮೊದಲ ಸಲ ಏನೂ ಅನ್ನಿಸಲಿಲ್ಲ, ರಾತ್ರಿ ಮತ್ತೆ ಹಾಕಿದೆ, ಹಿಡಿಸಿತು. ಬ್ಲಡಿವುಡ್ ಕೇಳಿ ಮನೆಯವರು ಬಾಗಿಲು ಹಾಕ್ಕೊಂಡರು. ಥರ್ಮಲ್‌ನವರನ್ನ ಇಷ್ಟು ವರ್ಷ ಇದೇ ಊರಲ್ಲಿದ್ದು ಕೇಳಿರಲಿಲ್ಲ, ಆ ಗಿಟಾರ್ ಬಗ್ಗೆ ಬೇರೆಯೇ ಬರೀತೀನಿ.

ಘೋಸ್ಟ್ ಮಾತ್ರ ಮೋಸ. ಕಣ್ಣು ಮುಚ್ಚಿ ಕೇಳಿದರೆ 1984ರ ಕ್ಯಾಸೆಟ್! ಆ ಕೀಬೋರ್ಡು, ಆ ಕೋರಸ್ಸು, ಕರೆಕ್ಟಾಗಿ ಬರಬೇಕಾದ ಜಾಗಕ್ಕೆ ಬರೋ ಸೋಲೋ, ಒಂದೂ ಹೊಸದಲ್ಲ. ಹೊಸದು ಅಂತ ಹೇಳಿ ಹಳೇದನ್ನೇ ಕೊಟ್ಟಿದ್ದೀರಿ.

ಲೆಕ್ಕಪತ್ರ:
ಇಷ್ಟ ಆಯ್ತಾ ಇಲ್ವಾ, ಅದು ಹೇಳಿ ಸರ್.

ಹಳೇ_ಕ್ಯಾಸೆಟ್:
ಈಗಲೂ ಅದೇ ಓಡ್ತಿದೆ.